ಟ್ರ್ಯಾಕ್ಟರ್ ಚಿಕ್ಕದು, ಚಾರ್ಜರ್ ಚಿಕ್ಕ ಮಾತಲ್ಲ

ಸೋನಾಲಿಕಾ ಕಂಪನಿ 2020ರ ಡಿಸೆಂಬರ್‌ನಲ್ಲಿ ಟೈಗರ್ ಎಂಬ ಎಲೆಕ್ಟ್ರಿಕ್ ಟ್ರ್ಯಾಕ್ಟರನ್ನು ಮಾರುಕಟ್ಟೆಗೆ ಬಿಟ್ಟಾಗ, ಮನೆಯ ಪ್ಲಗ್ಗಿಗೆ ಹಚ್ಚಿದರೆ 10 ಗಂಟೆಯಲ್ಲಿ ಬ್ಯಾಟರಿ ತುಂಬುತ್ತದೆ ಎಂದಿತ್ತು. ಈ 10 ಗಂಟೆ ಎಲ್ಲಿಂದ ಬಂತೆಂದು ನಾವೇ ಲೆಕ್ಕ ಹಾಕಬಹುದು. ಅದರ ಬ್ಯಾಟರಿ 25.5 ಯುನಿಟ್ಟಿನದು. ಚಾರ್ಜ್ ಮಾಡುವಾಗ ನೂರಕ್ಕೆ ಹತ್ತು-ಹದಿನೈದು ಪಾಲು ಕರೆಂಟು ಬರೀ ಶಾಖವಾಗಿ ಹೋಗುತ್ತದೆ. ಹಾಗಾಗಿ ಮೀಟರಿನಲ್ಲಿ ಸುಮಾರು 29 ಯುನಿಟ್ ಓಡಬೇಕು. 16 ಆಂಪ್‌ನ ಪ್ಲಗ್ಗು 230 ವೋಲ್ಟಿನಲ್ಲಿ ತಾಳುವುದು ಹೆಚ್ಚೆಂದರೆ 3.7 ಕಿಲೋವ್ಯಾಟ್. ರಾತ್ರಿಯಿಡೀ ಬಿಸಿಯೇರದೆ ನಡೆಯಬೇಕಾದರೆ 3 ಕಿಲೋವ್ಯಾಟಿಗೆ ನಿಲ್ಲಿಸುವುದು ಕ್ಷೇಮ. 29ನ್ನು 3ರಿಂದ ಭಾಗಿಸಿ ನೋಡಿ, ಹತ್ತಿರ ಹತ್ತಿರ 10 ಬರುತ್ತದೆ. ಅಂದರೆ ಆ 10 ಗಂಟೆ ಬ್ಯಾಟರಿಯ ಮಿತಿಯಲ್ಲ, ಗೋಡೆಯ ಪ್ಲಗ್ಗಿನ ಮಿತಿ.

ದುರ್ಗಾಪುರದ ಸಿಎಂಇಆರ್‌ಐ ಸಂಶೋಧನಾ ಸಂಸ್ಥೆ ಸಣ್ಣ ರೈತರಿಗಾಗಿ ರೂಪಿಸಿದ ಪ್ರೈಮಾ ಇಟಿ11 ಟ್ರ್ಯಾಕ್ಟರಿನ ಲೆಕ್ಕವೂ ಇದೇ ಬಗೆಯದು. ಮನೆಯ ಪ್ಲಗ್ಗಿನಲ್ಲಿ 7ರಿಂದ 8 ಗಂಟೆ ಚಾರ್ಜ್, ಹೊಲದಲ್ಲಿ 4 ಗಂಟೆಗೂ ಮಿಕ್ಕಿ ದುಡಿಮೆ. ಕಲಬುರಗಿ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆಯ ಸಾಲುಗಳ ನಡುವೆ ನುಸುಳಲು, ತೊಗರಿಯಲ್ಲಿ ಎಡೆ ಹೊಡೆಯಲು, ಔಷಧ ಸಿಂಪಡಿಸಲು, ರಾಶಿಯಾದ ಮೇಲೆ ಚೀಲಗಳನ್ನು ಹೇರಿ ತರಲು ಹತ್ತು-ಹನ್ನೆರಡು ಎಚ್‌ಪಿಯ ಇಂಥ ಪುಟ್ಟ ಯಂತ್ರ ಸಾಕು. ಬ್ರಹ್ಮಪುರದಂಥ ಹಳೆಯ ಬಡಾವಣೆಯಲ್ಲಿ ಮನೆ, ಹಳ್ಳಿಯಲ್ಲಿ ಹೊಲ ಇರುವ ಕುಟುಂಬಗಳು ಕಲಬುರಗಿಯಲ್ಲಿ ಸಾಕಷ್ಟಿವೆ. ಅವರಿಗೂ ಇದು ಹೊಂದುವ ಯಂತ್ರ. ಆದರೆ ಟ್ರ್ಯಾಕ್ಟರ್ ನೋಡಲು ಹೋದವರು ಎಚ್‌ಪಿ ಕೇಳುತ್ತಾರೆ, ಎಷ್ಟು ಭಾರ ಎಳೆಯುತ್ತದೆಂದು ಕೇಳುತ್ತಾರೆ, ಚಾರ್ಜರಿನ ಮಾತು ಎತ್ತುವುದು ಕಡಿಮೆ. ಇಡೀ ಯಂತ್ರದಲ್ಲಿ ಅತಿ ದುಬಾರಿ ಭಾಗ ಬ್ಯಾಟರಿ. ಅದರ ಆಯಸ್ಸು ಬಹುಪಾಲು ಚಾರ್ಜರಿನ ಕೈಯಲ್ಲಿದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ 1969ರಲ್ಲೇ ಎಲೆಕ್-ಟ್ರ್ಯಾಕ್ ಎಂಬ 36 ವೋಲ್ಟಿನ ಪುಟ್ಟ ಟ್ರ್ಯಾಕ್ಟರ್ ಮಾಡಿತ್ತು. ಅದರಲ್ಲಿ 6 ವೋಲ್ಟಿನ ಆರು ಸೀಸದ ಬ್ಯಾಟರಿಗಳಿದ್ದವು. ಐವತ್ತು ವರ್ಷ ದಾಟಿದರೂ ಆ ಟ್ರ್ಯಾಕ್ಟರುಗಳಲ್ಲಿ ಕೆಲವು ಓಡುತ್ತಿವೆ. ಮೋಟಾರು ಅಷ್ಟು ಬಾಳುತ್ತದೆ. ಮತ್ತೆ ಮತ್ತೆ ಬದಲಾಯಿಸಬೇಕಾಗಿ ಬರುವುದು ಬ್ಯಾಟರಿಯನ್ನೇ.

ಚಾರ್ಜರ್ ಮಾಡುವ ಕೆಲಸವನ್ನು ಬೆಂಗಳೂರಿನಲ್ಲೇ ಹುಟ್ಟಿದ ಒಂದು ವಾಹನದಿಂದ ತಿಳಿಯಬಹುದು. 2001ರಲ್ಲಿ ರಸ್ತೆಗಿಳಿದ ರೇವಾ ಕಾರಿನಲ್ಲಿ 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳಿದ್ದವು, ಒಟ್ಟು 48 ವೋಲ್ಟ್. ನೂರಕ್ಕೆ 80ರಷ್ಟು ತುಂಬಲು ಅದಕ್ಕೆ ಎರಡೂವರೆ ಗಂಟೆ ಸಾಕಿತ್ತು, ಪೂರ್ತಿ ತುಂಬಲು ಮಾತ್ರ 8 ಗಂಟೆ ಬೇಕಿತ್ತು. ಕೊನೆಯ 20 ಪಾಲಿಗೇ ಐದೂವರೆ ಗಂಟೆ! ಚೀಲಕ್ಕೆ ತೊಗರಿ ತುಂಬುವವರಿಗೆ ಇದರ ಮರ್ಮ ಗೊತ್ತು. ಮೊದಲು ಬುಟ್ಟಿಗಟ್ಟಲೆ ಸುರಿಯುತ್ತಾರೆ, ಬಾಯಿಯ ಹತ್ತಿರ ಬಂದಾಗ ಬೊಗಸೆ ಬೊಗಸೆಯಾಗಿ ಹಾಕುತ್ತಾರೆ. ಒಳ್ಳೆಯ ಚಾರ್ಜರ್ ಮೊದಲು ಒಂದೇ ಸಮನೆ ಗಟ್ಟಿಯಾಗಿ ಕರೆಂಟು ಕೊಡುತ್ತದೆ. ವೋಲ್ಟೇಜ್ ಗೊತ್ತಾದ ಮಟ್ಟ ಮುಟ್ಟಿದ ಮೇಲೆ ಆ ಮಟ್ಟವನ್ನು ಮೀರದಂತೆ ಹಿಡಿದು, ಕರೆಂಟನ್ನು ಮೆಲ್ಲಗೆ ಇಳಿಸುತ್ತಾ ಬರುತ್ತದೆ.

ಆ ಮಟ್ಟ ಯಾವುದು ಎಂಬುದು ಬ್ಯಾಟರಿಯ ಜಾತಿಯ ಮೇಲೆ ನಿಂತಿದೆ. 12 ವೋಲ್ಟಿನ ನಾಲ್ಕು ಸೀಸದ ಬ್ಯಾಟರಿ ಸೇರಿ 48 ವೋಲ್ಟ್ ಆದ ಕಟ್ಟನ್ನು ಸುಮಾರು 58 ವೋಲ್ಟಿನವರೆಗೆ ಒಯ್ದು, ತುಂಬಿದ ಮೇಲೆ 54ರ ಆಸುಪಾಸಿಗೆ ಇಳಿಸಿ ಹಿಡಿಯುತ್ತಾರೆ. ಲಿಥಿಯಂ ಐರನ್ ಫಾಸ್ಫೇಟಿನ 16 ಸೆಲ್ಲುಗಳ ಕಟ್ಟಿಗೆ 58.4 ವೋಲ್ಟ್ ಮೇಲಿನ ಗಡಿ. ಎರಡೂ 58ರ ಹತ್ತಿರವೇ ಇವೆಯಲ್ಲ, ಒಂದರ ಚಾರ್ಜರ್ ಇನ್ನೊಂದಕ್ಕೆ ನಡೆದೀತು ಎಂದು ಅನ್ನಿಸುವುದು ಸಹಜ. ಅಪಾಯ ಇರುವುದೇ ಅಲ್ಲಿ. ಸೀಸದ ಬ್ಯಾಟರಿಯ ಚಾರ್ಜರುಗಳಲ್ಲಿ ಕೆಲವು, ಸೆಲ್ಲುಗಳನ್ನು ಸಮಗೊಳಿಸಲೆಂದು ಆಗಾಗ 60 ವೋಲ್ಟಿಗೂ ಮೇಲೆ ಏರುತ್ತವೆ. ಸೀಸಕ್ಕೆ ಅದು ಚಿಕಿತ್ಸೆ, ಲಿಥಿಯಂಗೆ ಪೆಟ್ಟು. ಲಿಥಿಯಂ ಕಟ್ಟಿನೊಳಗಿನ ಬಿಎಂಎಸ್ ಎಂಬ ಕಾವಲು ಸರ್ಕಿಟ್ ಆಗ ಸಂಪರ್ಕ ಕಡಿಯುತ್ತದೆ ನಿಜ. ಆದರೆ ಅದು ಇರುವುದು ಅಪಘಾತ ತಪ್ಪಿಸಲು, ದಿನನಿತ್ಯದ ಚಾರ್ಜನ್ನು ನಿಲ್ಲಿಸಲಿಕ್ಕಲ್ಲ. ಆದ್ದರಿಂದ ಚಾರ್ಜರಿನ ಮೇಲೆ ವೋಲ್ಟ್ ಎಷ್ಟೆಂದು ಓದುವ ಮೊದಲು ಅದು ಯಾವ ಬ್ಯಾಟರಿಯದೆಂದು ಓದಬೇಕು.

ಎಷ್ಟು ಆಂಪ್ ಎಂಬುದು ಆಮೇಲಿನ ಪ್ರಶ್ನೆ. ಸೀಸಕ್ಕೆ ಬ್ಯಾಟರಿಯ ಆಂಪ್-ಅವರ್‌ನ ಹತ್ತನೇ ಒಂದು ಪಾಲು ಹಿತ. 200 ಆಂಪ್-ಅವರ್ ಕಟ್ಟಿಗೆ 20 ಆಂಪ್ ಚಾರ್ಜರ್ ಸಾಕು. ಅದೇ ಅಳತೆಯ ಲಿಥಿಯಂ 50 ಆಂಪ್ ಕೊಟ್ಟರೂ ಆರಾಮಾಗಿ ತೆಗೆದುಕೊಳ್ಳುತ್ತದೆ. ಆದರೆ 58 ವೋಲ್ಟಿಗೆ 50 ಆಂಪ್ ಎಂದರೆ ಬ್ಯಾಟರಿಗೆ ಸೇರುವುದೇ 2.9 ಕಿಲೋವ್ಯಾಟ್. ಚಾರ್ಜರಿನ ನಷ್ಟ ಸೇರಿಸಿದರೆ ಮನೆಯ ಪ್ಲಗ್ಗಿನ ಶಕ್ತಿ ಅಲ್ಲಿಗೇ ಮುಗಿಯುತ್ತದೆ.

ಇಷ್ಟೂ ಎಲ್ಲ ಊರಿಗೂ ಹೊಂದುವ ಮಾತು. ಕಲಬುರಗಿಯಲ್ಲಿ ಇನ್ನೂ ಮೂರನ್ನು ಲೆಕ್ಕಕ್ಕೆ ಹಿಡಿಯಬೇಕು: ಬಿಸಿಲು, ಕರೆಂಟು, ಮಣ್ಣು.

ಬ್ಯಾಟರಿ ತಯಾರಕರು ಹೇಳುವ ವೋಲ್ಟೇಜ್ ಸಾಮಾನ್ಯವಾಗಿ 25 ಡಿಗ್ರಿಯ ಲೆಕ್ಕದ್ದು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ದಾಟುವುದು ಮಾಮೂಲಿ. ಬಿಸಿಯಾದ ಸೀಸದ ಬ್ಯಾಟರಿಗೆ ಕಡಿಮೆ ವೋಲ್ಟೇಜ್ ಸಾಕು. ಪ್ರತಿ ಡಿಗ್ರಿಗೆ ಪ್ರತಿ ಸೆಲ್ಲಿಗೆ ಸುಮಾರು 4 ಮಿಲಿವೋಲ್ಟ್ ಇಳಿಸಬೇಕು. 24 ಸೆಲ್ಲು, 15 ಡಿಗ್ರಿ ಹೆಚ್ಚಿನ ಶಾಖ ಎಂದು ಗುಣಿಸಿದರೆ ಹತ್ತಿರ ಒಂದೂವರೆ ವೋಲ್ಟ್ ಆಗುತ್ತದೆ. ಅಷ್ಟನ್ನು ಇಳಿಸದ ಚಾರ್ಜರ್ ಬ್ಯಾಟರಿಯ ನೀರನ್ನು ಕುದಿಸಿ ಹಾರಿಸುತ್ತದೆ, ಒಳಗಿನ ಪ್ಲೇಟುಗಳನ್ನು ತಿನ್ನುತ್ತದೆ. ಹತ್ತು ಡಿಗ್ರಿ ಶಾಖ ಏರಿದರೆ ಸೀಸದ ಬ್ಯಾಟರಿಯ ಆಯಸ್ಸು ಅರ್ಧಕ್ಕೆ ಇಳಿಯುತ್ತದೆಂಬುದು ಈ ರಂಗದ ಹಳೆಯ ಸೂತ್ರ. ಆದ್ದರಿಂದ ಇಲ್ಲಿ ಕೊಳ್ಳುವ ಸೀಸದ ಚಾರ್ಜರಿಗೆ ಬ್ಯಾಟರಿಯ ಶಾಖ ಅಳೆಯುವ ಸೆನ್ಸರ್ ವೈರು ಇರಲೇಬೇಕು. ಲಿಥಿಯಂ ಕಟ್ಟುಗಳನ್ನು ಸಾಮಾನ್ಯವಾಗಿ 45 ಡಿಗ್ರಿ ಮೀರಿದಾಗ ಚಾರ್ಜ್ ಮಾಡಬಾರದು. ಮಧ್ಯಾಹ್ನ ದುಡಿದು ಬಂದ ಟ್ರ್ಯಾಕ್ಟರನ್ನು ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿ ಕೂಡಲೇ ಪ್ಲಗ್ ಹಚ್ಚಿದರೆ ಈ ಗಡಿ ದಾಟುವುದು ಸುಲಭ. ನೆರಳಲ್ಲಿ ಒಂದೆರಡು ಗಂಟೆ ಆರಲು ಬಿಟ್ಟು, ಊಟವಾದ ಮೇಲೆ ಹಚ್ಚಿದರೆ ಬೆಳಗಿನೊಳಗೆ ತುಂಬಿರುತ್ತದೆ. ಬೇಸಿಗೆಯ ರಾತ್ರಿಯೇ ಚಾರ್ಜಿಗೆ ಸರಿಯಾದ ಹೊತ್ತು.

ಇನ್ನು ಕರೆಂಟು. ಹಳ್ಳಿಯಲ್ಲಿ ‘ಕರೆಂಟ್ ಡಿಮ್ ಅದ’ ಎಂದಾಗ ವೋಲ್ಟೇಜ್ 180ಕ್ಕೆ ಇಳಿದಿರುವುದುಂಟು. ಟ್ರಾನ್ಸ್‌ಫಾರ್ಮರ್ ಇರುವ ಹಳೆ ಮಾದರಿಯ ಭಾರದ ಚಾರ್ಜರ್ ಆಗ ತಾನೂ ಸೋಲುತ್ತದೆ. ರಾತ್ರಿಯೆಲ್ಲ ಓಡಿದರೂ ಬ್ಯಾಟರಿ ತುಂಬುವುದಿಲ್ಲ. ಅರೆ ತುಂಬಿದ ಸೀಸದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಹೊಸ ಕಾಲದ ಹಗುರ ಚಾರ್ಜರ್ ಸೋಲುವುದಿಲ್ಲ, ವೋಲ್ಟೇಜ್ ಇಳಿದಷ್ಟೂ ಹೆಚ್ಚು ಆಂಪ್ ಎಳೆದು ತನ್ನ ಕೆಲಸ ಮುಗಿಸುತ್ತದೆ. 230 ವೋಲ್ಟಿನಲ್ಲಿ 13 ಆಂಪ್ ಎಳೆಯುತ್ತಿದ್ದ 3 ಕಿಲೋವ್ಯಾಟ್ ಚಾರ್ಜರ್ 180ರಲ್ಲಿ ಹತ್ತಿರ 17 ಆಂಪ್ ಎಳೆಯುತ್ತದೆ. ಪ್ಲಗ್ಗು ಕರಗುವುದು, ವೈರು ಸುಡುವುದು ಇಂಥ ಹೊತ್ತಿನಲ್ಲೇ. ಆದ್ದರಿಂದ ಎಷ್ಟು ವೋಲ್ಟಿನಿಂದ ಎಷ್ಟು ವೋಲ್ಟಿನವರೆಗೆ ನಡೆಯುತ್ತದೆಂದು ಕೇಳಿ, ಆಂಪ್ ಇಳಿಸಿ ಇಡುವ ಅನುಕೂಲ ಇರುವ ಚಾರ್ಜರನ್ನೇ ಕೊಳ್ಳಬೇಕು. ಎಲ್ಲೋ ನ್ಯೂಟ್ರಲ್ ಕಡಿದರೆ ಸಿಂಗಲ್ ಫೇಸ್ ಲೈನಿನಲ್ಲಿ 300 ದಾಟಿದ ವೋಲ್ಟೇಜ್ ನುಗ್ಗಬಹುದು. ಹೆಚ್ಚು-ಕಡಿಮೆ ವೋಲ್ಟೇಜಿಗೆ ತಾನೇ ಕಡಿಯುವ ಒಂದು ಸ್ವಿಚ್ಚು ಮುಂದಿದ್ದರೆ ಚಾರ್ಜರ್ ಉಳಿಯುತ್ತದೆ. ಪಂಪ್‌ಸೆಟ್ಟಿನ ಲೈನಿಗೆ ಚಾರ್ಜರ್ ಸೇರಿಸುವ ಆಸೆ ಬೇಡ. ಆ ಕರೆಂಟು ಸರ್ಕಾರ ಕೊಟ್ಟಿರುವುದು ನೀರೆತ್ತಲು. ಸರದಿಯ ಮೇಲೆ ಬಂದು ಹೋಗುವ ಅದನ್ನು ನಂಬಿದರೆ ಬ್ಯಾಟರಿಗೆ ಪೂರ್ತಿ ಚಾರ್ಜ್ ಸಿಗುವುದೂ ಇಲ್ಲ.

ಮನೆಯ ಮೀಟರಿಗೂ ಒಂದು ಲೆಕ್ಕವಿದೆ. 2023ರಲ್ಲಿ ಬಂದ ಗೃಹಜ್ಯೋತಿ ಉಚಿತ ಕರೆಂಟು ಯೋಜನೆಯಲ್ಲಿ ತಿಂಗಳ ಬಳಕೆ 200 ಯುನಿಟ್ ಮೀರಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಟೈಗರಿನಂಥ ಬ್ಯಾಟರಿಯನ್ನು ಏಳು ಸಲ ಪೂರ್ತಿ ತುಂಬಿದರೆ 203 ಯುನಿಟ್. ಒಂದು ಕಿಲೋವ್ಯಾಟ್ ಮಂಜೂರಾದ ಮನೆಗೆ 3 ಕಿಲೋವ್ಯಾಟ್ ಚಾರ್ಜರ್ ಹಚ್ಚುವುದು ನಿಯಮಕ್ಕೂ ಸರಿಯಲ್ಲ, ವೈರಿಗೂ ಸರಿಯಲ್ಲ. ಮೊದಲೇ ಕರೆಂಟು ಪೂರೈಸುವ ಜೆಸ್ಕಾಂಗೆ ಅರ್ಜಿ ಹಾಕಿ ಲೋಡ್ ಹೆಚ್ಚಿಸಿಕೊಂಡು, ಬೋರ್ಡಿನಿಂದ ನೇರವಾಗಿ 4 ಚದರ ಮಿ.ಮೀ. ತಾಮ್ರದ ವೈರ್ ಎಳೆಸಿ, 30 ಮಿಲಿಆಂಪ್ ಸೋರಿದರೂ ಕಡಿಯುವ ಆರ್‌ಸಿಸಿಬಿ ಹಾಕಿಸಬೇಕು.

ಮಣ್ಣಿನ ಮಾತು ಅರ್ತಿಂಗಿಗೆ ಸೇರಿದ್ದು. ನಮ್ಮ ಎರೆ ಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಹೂತ ಅರ್ತ್ ಪೈಪಿನಿಂದ ಮಣ್ಣು ಬಿಟ್ಟುಕೊಂಡರೆ ಸೋರಿದ ಕರೆಂಟಿಗೆ ಹೋಗಲು ದಾರಿ ಇರುವುದಿಲ್ಲ. ಚಾರ್ಜ್ ಮಾಡುವಾಗ ಟ್ರ್ಯಾಕ್ಟರಿನ ಕಬ್ಬಿಣದ ಮೈ ಮುಟ್ಟುವವರು ಬರಿಗಾಲಲ್ಲಿ ಇರಬಹುದು, ಮಕ್ಕಳೂ ಇರಬಹುದು. ಅರ್ತ್ ಗುಂಡಿಯನ್ನು ಬಚ್ಚಲ ನೀರು ಹರಿಯುವ ಕಡೆ ತೆಗೆಸಿ, ಬೇಸಿಗೆಯಲ್ಲಿ ನೀರು ಹಾಕುತ್ತಾ ಇರುವುದು ಸಣ್ಣ ಕೆಲಸ. ಉಳಿಯುವುದು ಜೀವ.

ಬಳಸುವಾಗಿನ ರೂಢಿಗಳೂ ಅಷ್ಟೇ ಮುಖ್ಯ. ಸೀಸದ ಬ್ಯಾಟರಿಯನ್ನು ದಿನದ ದುಡಿಮೆ ಮುಗಿದ ಮೇಲೆ ಪೂರ್ತಿ ತುಂಬಿಸಬೇಕು. ಚಾರ್ಜಾದ ಮೇಲೆ ಡಿಸ್ಟಿಲ್ಡ್ ನೀರು ಹಾಕಬೇಕು, ಬಾವಿಯ ನೀರು ಬೇಡವೇ ಬೇಡ. ಚಾರ್ಜಿನ ಕೊನೆಯಲ್ಲಿ ಏಳುವ ಹೈಡ್ರೋಜನ್ ಗಾಳಿಯಲ್ಲಿ ನೂರಕ್ಕೆ 4ರಷ್ಟಾದರೆ ಒಂದು ಕಿಡಿಗೆ ಸಿಡಿಯುತ್ತದೆ. ಹಾಗಾಗಿ ಬಾಗಿಲು-ಕಿಟಕಿ ತೆರೆದಿರಲಿ, ಬೀಡಿ ಹಚ್ಚಬೇಡಿ, ಸ್ವಿಚ್ ಆಫ್ ಮಾಡಿಯೇ ಕ್ಲಿಪ್ ತೆಗೆಯಿರಿ. ಲಿಥಿಯಂಗೆ ಪ್ರತಿದಿನ ಅಂಚಿನವರೆಗೆ ತುಂಬುವ ಹಟವಿಲ್ಲ. ಎಡೆಯ ಕಾಲ ಮುಗಿದು ತಿಂಗಳುಗಟ್ಟಲೆ ನಿಲ್ಲಿಸುವಾಗ ಅರ್ಧದಷ್ಟು ಚಾರ್ಜಿನಲ್ಲಿ, ತಂಪಾದ ಕಡೆ ಇಡುವುದು ಅದಕ್ಕೆ ಒಳ್ಳೆಯದು. ರಾಶಿಯ ದಿನಗಳಲ್ಲಿ ಚಾರ್ಜರಿನ ಫ್ಯಾನಿಗೆ ಹೊಟ್ಟು, ದೂಳು ಮೆತ್ತುತ್ತದೆ, ವಾರಕ್ಕೊಮ್ಮೆ ಒರೆಸಬೇಕು.

ಇಷ್ಟನ್ನೆಲ್ಲ ಒಬ್ಬ ಸಣ್ಣ ರೈತನ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳು ನಮ್ಮ ಹೋಬಳಿಗಳಲ್ಲಿವೆ. ಅಲ್ಲಿ ಗಾಳಿಯಾಡುವ ನೆರಳು, ಸರಿಯಾದ ಅರ್ತಿಂಗ್, ತ್ರೀಫೇಸ್ ಲೈನು, ಎರಡೂ ಜಾತಿಯ ಬ್ಯಾಟರಿ ಬಲ್ಲ ಒಬ್ಬ ಐಟಿಐ ಕಲಿತ ಹುಡುಗ ಇಷ್ಟಿದ್ದರೆ ಪುಟ್ಟ ಟ್ರ್ಯಾಕ್ಟರುಗಳು ಕಮಲಾಪುರದಂಥ ಕಡೆ ಬೇರೂರುತ್ತವೆ. ಅಲ್ಲಿಯವರೆಗೆ ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು: ಈ ಚಾರ್ಜರ್ ಯಾವ ಬ್ಯಾಟರಿಯದು? ಶಾಖ ಏರಿದರೆ ಏನು ಮಾಡುತ್ತದೆ? ವೋಲ್ಟೇಜ್ ಇಳಿದರೆ ಎಷ್ಟು ಆಂಪ್ ಎಳೆಯುತ್ತದೆ? ಕೆಟ್ಟರೆ ಕಲಬುರಗಿಯಲ್ಲೇ ರಿಪೇರಿ ಆಗುತ್ತದೆಯೇ? ನಾಲ್ಕಕ್ಕೂ ನೇರ ಉತ್ತರ ಕೊಡುವ ಅಂಗಡಿಯಲ್ಲಿ ಮಾತ್ರ ಟ್ರ್ಯಾಕ್ಟರಿಗೆ ಮುಂಗಡ ಕೊಡಿ.