ಧಾರವಾಡಕ್ಕೊಂದು ಬಂದರು

ಧಾರವಾಡದವರು ಸಮುದ್ರ ನೋಡಬೇಕೆಂದರೆ ಘಟ್ಟ ಇಳಿದು ಕಾರವಾರಕ್ಕೋ ಗೋವೆಗೋ ಹೋಗಬೇಕು. ಆದರೂ ಧಾರವಾಡಕ್ಕೆ ಬಂದರಿನ ಯೋಗ ಕೂಡಿಬಂದಿದೆ. ಹಡಗು ಬರುವುದಿಲ್ಲ, ಕಾಗದದ ಮೇಲಿನ ಬಂದರು ಅಷ್ಟೆ. 2025ರ ಜೂನ್‌ನಲ್ಲಿ ಕೇಂದ್ರದ ವಿಶೇಷ ಆರ್ಥಿಕ ವಲಯ (ಎಸ್‌ಇಝಡ್) ಅನುಮೋದನಾ ಮಂಡಳಿ ಎರಡು ಅರ್ಜಿಗಳಿಗೆ ಹೂಂಗುಟ್ಟಿತು. ಗುಜರಾತಿನ ಸಾಣಂದದಲ್ಲಿ ಮೈಕ್ರಾನ್ ಕಂಪನಿಗೆ 37.64 ಹೆಕ್ಟೇರ್, 13,000 ಕೋಟಿ ರೂಪಾಯಿ ಹೂಡಿಕೆ. ಧಾರವಾಡದಲ್ಲಿ ಏಕಸ್ ಸಮೂಹದ ಹುಬ್ಬಳ್ಳಿ ಡ್ಯೂರೇಬಲ್ ಗೂಡ್ಸ್ ಕ್ಲಸ್ಟರ್‌ಗೆ 11.55 ಹೆಕ್ಟೇರ್, 100 ಕೋಟಿ. ದೊಡ್ಡ ಅಂಕಿಯ ಹಿಂದೆ ಹೋದ ಪತ್ರಿಕೆಗಳು ಸಾಣಂದಕ್ಕೆ ತಲೆಬರಹ ಕೊಟ್ಟವು. ನನ್ನ ಕಣ್ಣು ನಿಂತದ್ದು 11.55ರ ಮೇಲೆ. ಎಕರೆ ಲೆಕ್ಕದಲ್ಲಿ ಇಪ್ಪತ್ತೆಂಟೂವರೆ. ನಮ್ಮ ಕಡೆಯ ಒಬ್ಬ ದೊಡ್ಡ ಹಿಡುವಳಿದಾರನ ಹೊಲದಷ್ಟು. ಅಷ್ಟು ನೆಲವನ್ನು ದೇಶದ ಸುಂಕದ ಗಡಿಯಿಂದ ಹೊರಗಿಡುವುದೆಂದರೆ ಹೇಗೆ?

ಉತ್ತರ ಹುಡುಕಿ ಹತ್ತರಗಿಗೆ ಹೋದೆ. ಬೆಳಗಾವಿಯಿಂದ ಸಂಕೇಶ್ವರದ ಕಡೆ ಹೊರಟರೆ ಹೆದ್ದಾರಿಯ ಮೇಲೇ ಸಿಗುವ ಊರು. ಇದೇ ಸಮೂಹದ ಹಳೆಯ ವಲಯ ಅಲ್ಲಿದೆ. ವಿಮಾನದ ಬಿಡಿಭಾಗಗಳಿಗೆ ಬೇಕಾದ ಫೋರ್ಜಿಂಗ್, ಮಷೀನಿಂಗ್, ಮೇಲ್ಮೈ ಸಂಸ್ಕರಣೆ ಎಲ್ಲವೂ ಒಂದೇ ಆವರಣದಲ್ಲಿ ನಡೆಯುತ್ತವೆ. ಏರ್‌ಬಸ್, ಬೋಯಿಂಗ್‌ಗೆ ಮಾಲು ಹೋಗುತ್ತದೆ. ಒಳಗೆ ಹೋಗುವ ಪಾಸು ನನ್ನಲ್ಲಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ನನಗೆ ಬೇಕಿದ್ದದ್ದು ಗೇಟು.

ಹೆದ್ದಾರಿ ಬದಿಯ ಚಹಾದಂಗಡಿಯಲ್ಲಿ ಟೆಂಪೊ ಚಾಲಕರೊಬ್ಬರು ಸಿಕ್ಕರು. ಬೆಳಗಾವಿಯ ಉದ್ಯಮಬಾಗದಿಂದ ಪ್ಯಾಕಿಂಗ್ ಪೆಟ್ಟಿಗೆ ತಂದು, ಇಳಿಸಿ, ವಾಪಸ್ ಹೊರಟಿದ್ದರು. ಕಿಸೆಯಲ್ಲಿ ನಾಲ್ಕು ಮಡಿಕೆ ಹಾಕಿದ ಬಿಲ್ಲು. ಕೇಳಿದೆ, ತೋರಿಸಿದರು.

‘ಇದರ ಮ್ಯಾಲೆ ಒಳಗಿನ ಸಾಹೇಬ್ರ ಸಹಿ ಬೀಳಬೇಕ್ರಿ. ಅದಿಲ್ಲಂದ್ರ ನಮ್ಮ ಸೇಠ್‌ಜಿ ಸುಮ್ನಿರಾಂಗಿಲ್ಲ’ ಅಂದರು.

‘ಯಾಕಂತ ಗೊತ್ತೇನ್ರಿ?’

‘ಎಕ್ಸ್‌ಪೋರ್ಟ್ ಅಂತಾರ್ರಿ. ತಾಸಿನ ಹಾದಿ ಬಂದೀನಿ, ಅಷ್ಟರಾಗ ಫಾರೇನ್ ಬಂತ್ರಿ!’ ಎಂದು ನಕ್ಕು ಚಹಾದ ಗ್ಲಾಸು ಕೆಳಗಿಟ್ಟರು.

ಅವರು ನಕ್ಕದ್ದು ತಮಾಷೆಗೆ, ಹೇಳಿದ್ದು ಮಾತ್ರ ಅಕ್ಷರಶಃ ಕಾನೂನು. 2005ರ ವಿಶೇಷ ಆರ್ಥಿಕ ವಲಯ ಕಾಯ್ದೆಯ 53ನೇ ಕಲಂ ಹೇಳುವಂತೆ, ಒಪ್ಪಿಗೆ ಪಡೆದ ಕೆಲಸಗಳ ಮಟ್ಟಿಗೆ ಈ ವಲಯ ಭಾರತದ ಸುಂಕ ಪ್ರದೇಶದ ಹೊರಗಿದೆ ಎಂದು ಭಾವಿಸತಕ್ಕದ್ದು. ಅದೇ ಕಲಮಿನ ಇನ್ನೊಂದು ಭಾಗ ಇದನ್ನು ಬಂದರು, ವಿಮಾನ ನಿಲ್ದಾಣ, ಒಳನಾಡಿನ ಕಂಟೇನರ್ ಡಿಪೊ ಎಂದೆಲ್ಲ ಭಾವಿಸಲು ದಾರಿ ಮಾಡಿಕೊಡುತ್ತದೆ. ಧಾರವಾಡದ ಬಂದರು ಹುಟ್ಟುವುದು ಇಲ್ಲಿ. ಜಿಎಸ್‌ಟಿ ಬಂದ ಮೇಲೆ ಇದಕ್ಕೆ ಮತ್ತೊಂದು ಪದರ ಸೇರಿತು. ವಲಯಕ್ಕೆ ಮಾಲು ಕಳಿಸಿದರೆ ಅದು ಅಂತರರಾಜ್ಯ ವ್ಯಾಪಾರ, ತೆರಿಗೆ ಸೊನ್ನೆ ದರದ್ದು. ಅಂದರೆ ಆ ಪೆಟ್ಟಿಗೆಗಳು ಬೆಳಗಾವಿ ಜಿಲ್ಲೆ ದಾಟದೆಯೇ ಒಂದು ಕಾಯ್ದೆಯ ಪ್ರಕಾರ ರಾಜ್ಯ ದಾಟಿದವು, ಇನ್ನೊಂದರ ಪ್ರಕಾರ ದೇಶವನ್ನೇ ದಾಟಿದವು. ಯಕ್ಷಗಾನದ ರಂಗದಲ್ಲಿ ಪಾತ್ರಧಾರಿ ಒಂದು ಸುತ್ತು ಬಂದರೆ ಅಯೋಧ್ಯೆ ಹೋಗಿ ಲಂಕೆ ಆಗುವುದಿಲ್ಲವೇ, ಹಾಗೆ.

ರಂಗದಲ್ಲಾದರೆ ನಂಬಿಕೆ ಸಾಕು, ಸರ್ಕಾರಕ್ಕೆ ಗೋಡೆ ಬೇಕು. 2006ರ ನಿಯಮಾವಳಿ ಗೋಡೆಯ ಅಳತೆಯನ್ನೂ ಬರೆದಿಟ್ಟಿದೆ. ಗೋಡೆಯೋ ಜಾಲರಿಯ ಬೇಲಿಯೋ, ಎತ್ತರ ಕನಿಷ್ಠ 2 ಮೀಟರ್ 40 ಸೆಂಟಿಮೀಟರ್. ಅದರಲ್ಲಿ ಮೇಲಿನ 60 ಸೆಂಟಿಮೀಟರ್ ಮುಳ್ಳುತಂತಿ. ಸಾವಿರಾರು ಕೋಟಿಯ ನೀತಿಯ ನಡುವೆ ಯಾರೋ ಒಬ್ಬ ಅಧಿಕಾರಿ ಅಳತೆಪಟ್ಟಿ ಹಿಡಿದು ಪರದೇಶದ ಎತ್ತರ ನಿಗದಿ ಮಾಡಿದ್ದಾನೆ ಎಂಬುದೇ ನನಗೆ ಈ ಇಡೀ ಕಾಯ್ದೆಯಲ್ಲಿ ಬಲು ಪ್ರೀತಿಯ ಸಂಗತಿ. ಸಾಫ್ಟ್‌ವೇರ್ ವಲಯಗಳಿಗೆ ಈ ಗೋಡೆಯ ಕಟ್ಟುಪಾಡಿನಲ್ಲಿ ರಿಯಾಯಿತಿ ಸಿಕ್ಕಿತು. 2023ರ ಡಿಸೆಂಬರ್‌ನಲ್ಲಿ ಇನ್ನೂ ಮಜಾ ಆಯಿತು: ಬಾಡಿಗೆಗೆ ಗಿರಾಕಿಯಿಲ್ಲದೆ ಖಾಲಿಬಿದ್ದ ಐಟಿ ಕಟ್ಟಡಗಳಲ್ಲಿ ಅಂತಸ್ತುಗಳನ್ನು ಬಿಡಿಬಿಡಿಯಾಗಿ ವಲಯದಿಂದ ಬೇರ್ಪಡಿಸಬಹುದೆಂದು ನಿಯಮ ಬದಲಾಯಿತು. ಬೆಂಗಳೂರಿನ ಒಂದೇ ಲಿಫ್ಟಿನಲ್ಲಿ ನಾಲ್ಕನೇ ಮಹಡಿ ಭಾರತ, ಐದನೇ ಮಹಡಿ ಪರದೇಶ ಆಗಬಹುದು.

ಈ ‘ಭಾವಿಸತಕ್ಕದ್ದು’ ಎಲ್ಲಿಯವರೆಗೆ ಎಳೆಯುತ್ತದೆ? 2008ರಲ್ಲಿ ಉಕ್ಕಿನ ಬೆಲೆ ಏರಿದಾಗ ಕೇಂದ್ರವು ಉಕ್ಕಿನ ಮೇಲೆ ರಫ್ತು ಸುಂಕ ಹಾಕಿತು. ವಲಯಕ್ಕೆ ಹೋಗುವ ಉಕ್ಕೂ ರಫ್ತೇ ತಾನೇ, ಅದಕ್ಕೂ ಸುಂಕ ಕಟ್ಟಿ ಎಂದು ಅಧಿಕಾರಿಗಳು ಪಟ್ಟುಹಿಡಿದರು. ಗುಜರಾತ್ ಹೈಕೋರ್ಟ್ ಒಪ್ಪಲಿಲ್ಲ. ಮಾಲು ದೇಶದ ನೆಲ ಬಿಟ್ಟಿಲ್ಲವೆಂದ ಮೇಲೆ ರಫ್ತು ಸುಂಕ ಎಲ್ಲಿಂದ ಬಂತು ಎಂಬುದು ತೀರ್ಪಿನ ತಾತ್ಪರ್ಯ. ಕಾರ್ಮಿಕ ಕಾನೂನನ್ನೂ ಗೇಟಿನ ಹೊರಗೆ ನಿಲ್ಲಿಸಲಾಗದು. ಬೇರೆ ಕೇಂದ್ರ ಕಾಯ್ದೆಗಳನ್ನು ವಲಯಕ್ಕಾಗಿ ಸಡಿಲಿಸುವ ಅಧಿಕಾರ ಕೊಡುವ 49ನೇ ಕಲಮೇ ಕಾರ್ಮಿಕ ಸಂಘ, ಕೈಗಾರಿಕಾ ವಿವಾದ, ಕಾರ್ಮಿಕ ಕಲ್ಯಾಣವನ್ನು ಅದರಿಂದ ಹೊರಗಿಟ್ಟಿದೆ. ಪೊಲೀಸರು ನಮ್ಮವರೇ. ಆಡಳಿತ ಮಾತ್ರ ದೂರ: ಕರ್ನಾಟಕದ ಬಹುಪಾಲು ವಲಯಗಳ ಕಡತ ಹೋಗುವುದು ಕೊಚ್ಚಿಯ ಕಾಕ್ಕನಾಡಿನಲ್ಲಿ ಕೂರುವ ಅಭಿವೃದ್ಧಿ ಆಯುಕ್ತರ ಬಳಿಗೆ.

ಹಿಂದಿನ ಕಥೆ ಓದುಗರಿಗೆ ಗೊತ್ತಿರುವಂಥದೇ. 1965ರಲ್ಲಿ ಕಾಂಡ್ಲಾ, ಏಷ್ಯಾದಲ್ಲೇ ಮೊದಲನೆಯ ರಫ್ತು ವಲಯ. 2000ದಲ್ಲಿ ಮುರಸೋಳಿ ಮಾರನ್ ವಾಣಿಜ್ಯ ಸಚಿವರಾಗಿದ್ದಾಗ ಚೀನಾದ ಮಾದರಿಯ ಮೋಹ, 2005ರಲ್ಲಿ ಕಾಯ್ದೆ, ಆಮೇಲೆ ಅರ್ಜಿಗಳ ಜಾತ್ರೆ. 2007ರಲ್ಲಿ ನಂದಿಗ್ರಾಮದ ಗೋಲಿಬಾರ್. ನಮ್ಮಲ್ಲಿ ಮಂಗಳೂರು ಎಸ್‌ಇಝಡ್‌ಗೆ ಕಳವಾರು, ಪೆರ್ಮುದೆ, ಬಜ್ಪೆ ಕಡೆಯ ಗದ್ದೆ ತೋಟ ಹೋದವು. ಎರಡನೇ ಹಂತದ 2,035 ಎಕರೆಯನ್ನು ಜನರ ಹೋರಾಟದ ಬಳಿಕ 2011ರಲ್ಲಿ ಸರ್ಕಾರ ಕೈಬಿಟ್ಟಿತು. 2014ರ ಸಿಎಜಿ ವರದಿಯಂತೆ ದೇಶದಲ್ಲಿ ಅಧಿಸೂಚಿತವಾಗಿದ್ದ 45,635 ಹೆಕ್ಟೇರಿನಲ್ಲಿ ಚಟುವಟಿಕೆ ಆರಂಭವಾಗಿದ್ದದ್ದು 28,488 ಹೆಕ್ಟೇರಿನಲ್ಲಿ ಮಾತ್ರ. ಅಷ್ಟು ನೆಲ ಕಳೆದುಕೊಂಡವರ ಮುಂದೆ ನನ್ನ ಗೋಡೆಯ ಮೋಜು ಸಣ್ಣದು, ಅದೂ ಗೊತ್ತು.

ಹಾಗಾಗಿಯೇ ಧಾರವಾಡದ ಸಣ್ಣ ಅಳತೆ ನನಗೆ ಸಮಾಧಾನ ತಂದದ್ದು. 2025ರ ಜೂನ್ 3ರಂದು ನಿಯಮ ತಿದ್ದಿ, ಸೆಮಿಕಂಡಕ್ಟರ್ ಮತ್ತು ಎಲೆಕ್ಟ್ರಾನಿಕ್ ಬಿಡಿಭಾಗಗಳ ವಲಯಕ್ಕೆ ಬೇಕಾದ ಕನಿಷ್ಠ ಜಾಗವನ್ನು 50 ಹೆಕ್ಟೇರಿನಿಂದ 10ಕ್ಕೆ ಇಳಿಸಿದರು. ಆ ತಿದ್ದುಪಡಿ ಇಲ್ಲದಿದ್ದರೆ 11.55ರ ಅರ್ಜಿ ಮಂಡಳಿಯ ಬಾಗಿಲನ್ನೂ ತಟ್ಟುವಂತಿರಲಿಲ್ಲ. ಇನ್ನೊಂದು ತಿದ್ದುಪಡಿ ನನ್ನ ಮಟ್ಟಿಗೆ ಹೆಚ್ಚಿನದು. ಇಂಥ ವಲಯದಲ್ಲಿ ತಯಾರಾದ ಮಾಲನ್ನು ತಕ್ಕ ಸುಂಕ ಕಟ್ಟಿ ದೇಶದೊಳಗೇ ಮಾರಬಹುದು ಎನ್ನುತ್ತದೆ ಅದು. ಗಿರಾಕಿ ಹೊರದೇಶದಲ್ಲೇ ಇದ್ದಾನೆಂಬ ನಂಬಿಕೆಯಿಂದ ಕಟ್ಟಿದ ಗೋಡೆಗೆ ಒಳಮುಖವಾಗಿ ಕಿಂಡಿ ಕೊರೆದಂತಾಯಿತು.

ಆದಾಯ ತೆರಿಗೆಯ ರಜೆ ಹೊಸ ಘಟಕಗಳಿಗೆ 2020ರಲ್ಲೇ ಮುಗಿದಿದೆ. ಇನ್ನು ಇದರಲ್ಲಿ ಉಳಿದಿರುವ ಲಾಭವೇನು? ಯಂತ್ರವೂ ಕಚ್ಚಾಮಾಲೂ ಸುಂಕವಿಲ್ಲದೆ ಬರುತ್ತವೆ, ನಿಜ. ಆದರೆ ಹತ್ತರಗಿಯನ್ನು ನೋಡಿ ನನಗನ್ನಿಸಿದ್ದು ಬೇರೆ. ಅಲ್ಲಿ ಫೋರ್ಜಿಂಗ್‌ನವರ ಪಕ್ಕದಲ್ಲಿ ಮಷೀನಿಂಗ್‌ನವರು, ಅವರ ಪಕ್ಕದಲ್ಲಿ ಲೇಪನದವರು. ಹೊರಗೆ ಬೆಳಗಾವಿಯಲ್ಲಿ ತಲೆಮಾರುಗಳಿಂದ ಫೌಂಡ್ರಿ, ಲೇತ್ ನಡೆಸಿದ ಕೈಗಳು. ಆ ನೆರೆಹೊರೆಯನ್ನು ಮಂಡಳಿ ಮಂಜೂರು ಮಾಡಲಾರದು, ಗೋಡೆ ಸುತ್ತು ಹಾಕಬಲ್ಲದಷ್ಟೆ. ಧಾರವಾಡದಲ್ಲಿ ಬೇಲೂರು ಕೈಗಾರಿಕಾ ಪ್ರದೇಶವಿದೆ, ಎಂಜಿನಿಯರಿಂಗ್ ಕಾಲೇಜುಗಳಿವೆ, ಐಐಟಿ ಇದೆ. ಎಲೆಕ್ಟ್ರಾನಿಕ್ ಬಿಡಿಭಾಗದ ಕಸುಬು ಗೊತ್ತಿರುವ ಸಣ್ಣ ಸಣ್ಣ ವರ್ಕ್‌ಶಾಪುಗಳು ಮಾತ್ರ ಇನ್ನು ಹುಟ್ಟಬೇಕು.

ಮಂಡಳಿಯ ಔಪಚಾರಿಕ ಅನುಮೋದನೆಗೆ ಮೂರು ವರ್ಷದ ಆಯುಷ್ಯ. ಅಷ್ಟರೊಳಗೆ ಒಂದು ಘಟಕವಾದರೂ ಉತ್ಪಾದನೆ ಶುರು ಮಾಡಬೇಕು. ಆಗದಿದ್ದರೆ ಅವಧಿ ವಿಸ್ತರಣೆಗೆ ಅರ್ಜಿ ಹಾಕಬಹುದು. ಮಂಡಳಿಯ ಸಭೆಗಳ ಕಾರ್ಯಸೂಚಿಯಲ್ಲಿ ಅಂಥ ಅರ್ಜಿಗಳಿಗೆ ಎಂದೂ ಬರ ಬಂದದ್ದಿಲ್ಲ.