ಅಂಬಾಸಿಡರ್ ಕಾರಿನ ಹುಟ್ಟು ಮತ್ತು ಬಾಳು

ಕಾಸರಗೋಡು ಸೀಮೆಯ ನಮ್ಮ ತಲೆಮಾರಿನವರಲ್ಲಿ ಅಂಬಾಸಿಡರ್ ಟ್ಯಾಕ್ಸಿ ಏರದವರು ವಿರಳ. ನನ್ನ ತಂದೆಯವರು ಎದೆನೋವಿನಿಂದ ಕುಸಿದ ಇರುಳು ಅವರನ್ನು ಮಂಗಳೂರಿನ ಆಸ್ಪತ್ರೆಗೆ ಒಯ್ದದ್ದು ಅದರ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡೇ. ಅಷ್ಟು ವಿಶಾಲವಾದ ಆ ಕಾರು ರೂಪುಗೊಂಡ ಬಗೆಯನ್ನು ತಿಳಿಯುವ ಕುತೂಹಲ ಅಂದಿನಿಂದಲೂ ನನಗಿತ್ತು.

ಬಿರ್ಲಾ ಮನೆತನದವರು 1942ರಲ್ಲಿ ಸ್ಥಾಪಿಸಿದ ಹಿಂದುಸ್ತಾನ್ ಮೋಟಾರ್ಸ್, ಮೊದಲು ಗುಜರಾತಿನ ಓಖಾ ಬಂದರಿನಲ್ಲಿ ಕಾರುಗಳನ್ನು ಜೋಡಿಸುತ್ತಿತ್ತು; 1948ರಲ್ಲಿ ಕಲ್ಕತ್ತೆಯ ಸಮೀಪದ ಉತ್ತರಪಾಡಾಕ್ಕೆ ಬಂದು ನೆಲೆಸಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರು 1950ರ ದಶಕದ ಕೊನೆಯಲ್ಲಿ ಅಲ್ಲಿಯೇ ಅಂಬಾಸಿಡರ್ ಎಂಬ ಹೆಸರು ತಳೆಯಿತು. ಇದಕ್ಕೆ ಪ್ರತ್ಯೇಕ ಚಾಸಿಸ್ ಇಲ್ಲ. ಉಕ್ಕಿನ ಒಡಲೇ ಭಾರವನ್ನೆಲ್ಲ ಹೊರುತ್ತದೆ. ಗೇರಿನ ಹಿಡಿ ಸ್ಟೀರಿಂಗಿನ ಕಂಬದಲ್ಲೇ ಇದ್ದುದರಿಂದ ಮುಂದಿನ ಉದ್ದ ಸೀಟಿನಲ್ಲಿ ಚಾಲಕನ ಪಕ್ಕಕ್ಕೆ ಇಬ್ಬರು, ನಮ್ಮೂರ ಲೆಕ್ಕದಲ್ಲಿ ಮೂವರು, ಕುಳಿತುಕೊಳ್ಳಬಹುದಿತ್ತು!

ಆರಂಭದ ಸೈಡ್ ವಾಲ್ವ್ ಎಂಜಿನ್ನಿನ ಸ್ಥಾನಕ್ಕೆ ಬೇಗನೆ 1,489 ಸಿ.ಸಿ.ಯ ಓವರ್‌ಹೆಡ್ ವಾಲ್ವ್ ಎಂಜಿನ್ ಬಂದಿತು. ವಾಲ್ವುಗಳು ಸಿಲಿಂಡರಿನ ಮೇಲ್ಭಾಗಕ್ಕೆ ಏರಿದುದರಿಂದ ಇಂಧನಮಿಶ್ರಿತ ಗಾಳಿ ಸರಾಗವಾಗಿ ಒಳಸೇರಿ ಬಲ ಹೆಚ್ಚಿತು. ಆ ಬಳಿಕ ಬಹುಕಾಲ ಮೂಲ ವಿನ್ಯಾಸ ಅಲುಗಲಿಲ್ಲ. ಇಂಗ್ಲೆಂಡಿನಲ್ಲಿ 1959ರಲ್ಲೇ ಹೊಸ ವಿನ್ಯಾಸದ ಆಕ್ಸ್‌ಫರ್ಡ್ ಬಂದಿದ್ದರೆ, ಇಲ್ಲಿ ಮಾರ್ಕ್ 2, 3, 4 ಎಂದು ಹೆಸರು ಬದಲಾದಾಗ ಎದ್ದು ಕಂಡದ್ದು ಮುಖ್ಯವಾಗಿ ಮುಂಭಾಗದ ಜಾಲರಿ. ಲೈಸೆನ್ಸ್ ಪದ್ಧತಿಯಿಂದಾಗಿ ಕಾರುಗಳ ಸಂಖ್ಯೆಗೇ ಮಿತಿಯಿತ್ತು. ಗಿರಾಕಿಗಳು ವರ್ಷಗಟ್ಟಲೆ ಕಾಯುತ್ತಿದ್ದರು. ಕಾಯುವ ಗಿರಾಕಿ ಇರುವಾಗ ಹೊಸ ಅಚ್ಚುಗಳಿಗೆ ಹಣ ಹೂಡುವವರಾರು?

ಇದರಿಂದ ಒಂದು ಅನುಕೂಲವೂ ಆಯಿತೆನ್ನಬೇಕು. ಬಿಡಿಭಾಗಗಳು ಹೆಚ್ಚು ಬದಲಾಗದ ಕಾರಣ ಹಳ್ಳಿಯ ಮೆಕ್ಯಾನಿಕನ ಕೈಗೂ ಅದರ ಮರ್ಮ ತಿಳಿದಿತ್ತು. ಡೀಸೆಲ್ ಎಂಜಿನ್ ಬಂದ ಮೇಲಂತೂ ಟ್ಯಾಕ್ಸಿಯವರಿಗೆ ಇದು ಅನ್ನದ ಬಟ್ಟಲಾಯಿತು. ಇದನ್ನು ಬರೀ ಗಟ್ಟಿತನವೆಂದು ಹೊಗಳುವವರುಂಟು. ಸ್ಪರ್ಧೆಯ ಅಭಾವವೂ ಅದರಲ್ಲಿ ಅರ್ಧಪಾಲು ಸೇರಿತ್ತೆಂದೇ ನನ್ನ ಎಣಿಕೆ.

1983ರ ಕೊನೆಗೆ ಮಾರುತಿ ಬಂದಾಗ ಅದು ಬಯಲಾಯಿತು. 1990ರ ದಶಕದಲ್ಲಿ ಜಪಾನಿನ ಇಸುಜು ವಿನ್ಯಾಸದ 1.8 ಲೀಟರ್ ಎಂಜಿನ್ ಅಳವಡಿಸಿದರು. ಎಂಜಿನ್ ಒಳ್ಳೆಯದೇ, ಆದರೆ ತಡವಾಗಿತ್ತು. 1980ರ ದಶಕದ ನಡುವೆ ವರ್ಷಕ್ಕೆ ಸುಮಾರು 24,000ದಷ್ಟಿದ್ದ ಮಾರಾಟ, ಕೊನೆಯ ವರ್ಷದಲ್ಲಿ ಸುಮಾರು 2,200ಕ್ಕೆ ಇಳಿಯಿತು. 2014ರ ಮೇ 24ರಂದು ಉತ್ತರಪಾಡಾದಲ್ಲಿ ಕೆಲಸ ನಿಂತಾಗ ಅಲ್ಲಿದ್ದ ನೌಕರರು ಸುಮಾರು 2,500 ಮಂದಿ. ತಯಾರಾಗುತ್ತಿದ್ದುದು ದಿನಕ್ಕೆ ಐದೇ ಕಾರು. 2017ರಲ್ಲಿ ಅಂಬಾಸಿಡರ್ ಎಂಬ ಹೆಸರನ್ನು ಫ್ರಾನ್ಸಿನ ಪ್ಯೂಜೋ ಸಂಸ್ಥೆ 80 ಕೋಟಿ ರೂಪಾಯಿಗೆ ಕೊಂಡುಕೊಂಡಿತು.