ರಾಜನೂ ಉಗ್ಗುತ್ತಿದ್ದ!

ನಮ್ಮ ಸಿನಿಮಾಗಳಲ್ಲಿ ಉಗ್ಗುವವನು ಬಂದನೆಂದರೆ ಥೇಟರಿನಲ್ಲಿ ಶಿಳ್ಳೆ ಖಾತ್ರಿ. ಅವನು 'ಬ...ಬ...ಬ...' ಅನ್ನಬೇಕು, ಹೀರೋ ತಲೆಗೆ ಮೊಟಕಬೇಕು, ಗಾಂಧಿಕ್ಲಾಸು ನಗಬೇಕು. ಇದೇ ಫಾರ್ಮುಲಾ! ಚಿಕ್ಕೋಡಿಯಲ್ಲಿ ಗೆಳೆಯರ ನಡುವೆ ಕೂತು ಆಗ ನಾನೊಬ್ಬ ಚಪ್ಪಲಿ ನೋಡುತ್ತಿರುತ್ತೇನೆ. ಯಾಕೆಂದರೆ ನಾನೂ ಉಗ್ಗುತ್ತೇನೆ.

ಹೀಗಿರುವಾಗ ನಿಪ್ಪಾಣಿಯ ಗೆಳೆಯನ ರೂಮಿನಲ್ಲಿ 'ದ ಕಿಂಗ್ಸ್ ಸ್ಪೀಚ್' ನೋಡಿದೆ. 2010ರ ಇಂಗ್ಲಿಷ್ ಚಿತ್ರ. ಫೈಟಿಲ್ಲ, ಡ್ಯಾನ್ಸಿಲ್ಲ. ಇಂಗ್ಲೆಂಡಿನ ರಾಜ ಆರನೇ ಜಾರ್ಜ್‌ಗೆ ಮಾತು ಹೊರಡುವುದಿಲ್ಲ, ಅಷ್ಟೇ ಕಥೆ. 1925ರಲ್ಲಿ ವೆಂಬ್ಲಿಯಲ್ಲಿ, ಇನ್ನೂ ರಾಜಕುಮಾರನಾಗಿದ್ದಾಗ, ಮೈಕಿನ ಮುಂದೆ ಅವನ ಗಂಟಲು ಕಟ್ಟುವ ಮೊದಲ ದೃಶ್ಯದಲ್ಲೇ ನನ್ನ ಅಂಗೈ ಬೆವರಿತು. ಕಾಲಿನ್ ಫರ್ತ್ ಈ ಉಗ್ಗನ್ನು ನಾಲಗೆಯಿಂದ ಮಾಡಿಲ್ಲ, ಕಣ್ಣಿನಿಂದ ಮಾಡಿದ್ದಾನೆ. ಶಬ್ದ ಬರುವ ಮೊದಲೇ 'ಇದು ಸಿಕ್ಕೊಳ್ತದ' ಅಂತ ಗೊತ್ತಾಗುತ್ತದಲ್ಲ, ಆ ಭಯ. ಅವನಿಗೆ ಆಸ್ಕರ್ ಸಿಕ್ಕಿತು. ಚಿತ್ರಕ್ಕೆ ಒಟ್ಟು 4. ಒಂದು, ಕಥೆ ಬರೆದ ಡೇವಿಡ್ ಸೈಡ್ಲರ್‌ಗೆ. ಆತನೂ ಚಿಕ್ಕಂದಿನಲ್ಲಿ ಉಗ್ಗುತ್ತಿದ್ದವನೇ. 'ನಾನು ಬದುಕಿರುವವರೆಗೆ ಬೇಡ' ಎಂದು ರಾಜನ ಹೆಂಡತಿ ತಿಳಿಸಿದ್ದರಿಂದ, 2002ರಲ್ಲಿ ಆಕೆ ತೀರಿಕೊಳ್ಳುವವರೆಗೂ ಕಾದ. ಎಂಥ ತಾಳ್ಮೆ ನೋಡಿ!

ಉಗ್ಗುವವನ ಚಾಲಾಕಿ ನಿಮಗೆ ಗೊತ್ತಿರಲಿಕ್ಕಿಲ್ಲ. ಅಥಣಿಯಲ್ಲಿ ಮಿರಜ ಬಸ್ಸು ಹತ್ತುತ್ತೇನೆ, ಇಳಿಯುವುದು ಕಾಗವಾಡದಲ್ಲಿ. ಕಂಡಕ್ಟರ್ ಎದುರು 'ಕಾ' ಗಂಟಲಲ್ಲೇ ಉಳೀತದ. 'ಲಗೂ ಹೇಳೋ ತಮ್ಮಾ!' ನಾನು 'ಮಿರಜ' ಅಂದುಬಿಡುತ್ತೇನೆ. ಹೆಚ್ಚಿಗೆ ರೊಕ್ಕ ಕೊಟ್ಟು ನಡುವೆಯೇ ಇಳಿಯುತ್ತೇನೆ. ಹೋಟೆಲಿನಲ್ಲಿ ಕಾಫಿ ಬೇಕಿದ್ದರೂ ಚಹಾ ಅನ್ನುತ್ತೇನೆ. ಆದರೆ ಸ್ವಂತ ಹೆಸರಿಗೆ ಬದಲಿ ಶಬ್ದ ಎಲ್ಲಿಂದ ತರೋದು?

ಚಿತ್ರದಲ್ಲಿ ಲಯನೆಲ್ ಲೋಗ್ ಎಂಬ ಆಸ್ಟ್ರೇಲಿಯಾದವ, ಡಾಕ್ಟರಲ್ಲ, ಡಿಗ್ರಿಯೂ ಇಲ್ಲ, ರಾಜನಿಂದ ಹಾಡಿಸುತ್ತಾನೆ, ಬೈಗುಳ ಬೈಯಿಸುತ್ತಾನೆ. ಹಾಡುವಾಗ ಸಾಮಾನ್ಯವಾಗಿ ಉಗ್ಗು ಬರುವುದಿಲ್ಲ. ನಿಜ! ಅಣ್ಣಾವ್ರ ಹಾಡು ನಾನು ಸರಾಗವಾಗಿ ಹಾಡುತ್ತೇನೆ. ಮುಗಿದ ಮೇಲೆ ಯಾರಾದರೂ 'ಯಾವೂರು?' ಅಂದರೆ ಆಯ್ತು ಕಥೆ. (ಒಂದು ತಕರಾರು: ಅವನು ಲೋಗ್ ಬಳಿ ಹೋದದ್ದು 1926ರಲ್ಲಿ, ರಾಜನಾಗುವ ಹತ್ತು ವರ್ಷ ಮೊದಲು. ಸಿನಿಮಾದವರು ಕಾಲಕ್ಕೆ ಕತ್ತರಿ ಹಾಕಿದ್ದಾರೆ. ಇರಲಿ ಬಿಡಿ.)

ಕಡೆಯ ದೃಶ್ಯ, 1939ರ ಸೆಪ್ಟೆಂಬರ್ 3, ಯುದ್ಧ ಸಾರಿದ ದಿನ. ಪುಟ್ಟ ಕೋಣೆ, ಮೈಕು, ಎದುರಿಗೆ ಲೋಗ್. ನಮ್ಮ ಡೈರೆಕ್ಟರಾಗಿದ್ದರೆ ಗುಡಿಯ ಗಂಟೆ ಬಾರಿಸಿ ಉಗ್ಗು ಓಡಿಸುತ್ತಿದ್ದರು! ಇಲ್ಲಿ ಹೋಗುವುದಿಲ್ಲ. ತಡೆತಡೆದೇ ಭಾಷಣ ಮುಗಿಸುತ್ತಾನೆ. ಒಂದು ಅಕ್ಷರ ತೊದಲಿತು ಅಂತ ಲೋಗ್ ಹೇಳಿದರೆ, ಮಾತಾಡಿದ್ದು ನಾನೇ ಅಂತ ಜನಕ್ಕೆ ಗೊತ್ತಾಗಬೇಡವೇ ಅಂತ ತಮಾಷೆ ಮಾಡುತ್ತಾನೆ. ನನ್ನ ಕಣ್ಣಲ್ಲಿ ನೀರು. ಗೆಳೆಯ ಲೈಟ್ ಹಾಕಲಿಲ್ಲ, ಪುಣ್ಯಾತ್ಮ.

ಬರುವ ಸೋಮವಾರ ರಾಯಬಾಗಕ್ಕೆ ಹೆಣ್ಣು ನೋಡಲು ಹೋಗಬೇಕು. ಹಿಂದಿನ ಎರಡು ಸಲ ನನ್ನ ಹೆಸರನ್ನು ಕಾಕಾ ಹೇಳಿದ್ದರು; 'ಹುಡುಗ ಮೂಗನೇನ್ರಿ?' ಅಂತ ಕೇಳಿ ಕಳಿಸಿದರು. 'ಕಾಕಾ, ಈ ಸಲ ನೀವು ಸುಮ್ನ ಕೂಡ್ರಿ. ಹೆಸರ ನಾನ ಹೇಳ್ತೀನಿ, ಎಷ್ಟ ಹೊತ್ತಾದ್ರೂ ಆಗ್ಲಿ' ಅಂದೆ. ಇಷ್ಟು ಹೇಳಲಿಕ್ಕೇ ಎರಡು ನಿಮಿಷ ಹಿಡಿಯಿತು. ಕಾಕಾ ಎಲಿ ಅಡಕಿ ಮೆಲ್ಲುತ್ತ ಪೂರಾ ಕೇಳಿದರು.